ಗಾಳಿ ಅದೇ, ಗುಡ್ಡ ಅದೇ: ಕರ್ನಾಟಕದ ಪವನ ವಿದ್ಯುತ್ ಐದು ವರ್ಷ ಕುಂಟಿದ್ದೇಕೆ?

2017-18ರಲ್ಲಿ ಕರ್ನಾಟಕದಲ್ಲಿ 857 ಮೆಗಾವ್ಯಾಟ್‌ನಷ್ಟು ಗಾಳಿಯಂತ್ರಗಳು ಹೊಸದಾಗಿ ನಿಂತವು. ಮರುವರ್ಷ ಬಂದದ್ದು 87 ಮೆ.ವ್ಯಾ. ಮಾತ್ರ. ಅದರಾಚೆಗೆ 96, ಆಮೇಲೆ 148, 192, 164. 2018ರ ಏಪ್ರಿಲ್‌ನಿಂದ 2023ರ ಮಾರ್ಚ್‌ವರೆಗಿನ ಐದು ವರ್ಷಗಳನ್ನು ಕೂಡಿಸಿದರೂ 2017-18ರ ಒಂದೇ ವರ್ಷದ ಲೆಕ್ಕಕ್ಕೆ ಸಮ ಬರುವುದಿಲ್ಲ. ಆಮೇಲೆ 2023-24ರಲ್ಲಿ 725, 2024-25ರಲ್ಲಿ 1,331 ಮೆ.ವ್ಯಾ. ಆ ವರ್ಷ ದೇಶದಲ್ಲಿ ಅತಿ ಹೆಚ್ಚು ಪವನ ಸಾಮರ್ಥ್ಯ ಸೇರಿಸಿದ ರಾಜ್ಯ ಕರ್ನಾಟಕವೇ. ಒಟ್ಟು ಸಾಮರ್ಥ್ಯ 7,351 ಮೆ.ವ್ಯಾ.ಗೆ ಮುಟ್ಟಿತು.

ಈ ನಡುವೆ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿ ನಿಂತಿರಲಿಲ್ಲ. ಗದಗ, ಕೊಪ್ಪಳ, ಹಾವೇರಿ, ವಿಜಯಪುರದ ಬಯಲಿನಲ್ಲಿ ಮುಂಗಾರು ಗಾಳಿ ಎಂದಿನಂತೆ ಬೀಸಿದೆ. ಯಂತ್ರ ಕೆಟ್ಟದ್ದಾಗಲಿಲ್ಲ, ಬದಲಿಗೆ ಇನ್ನಷ್ಟು ಎತ್ತರವಾಯಿತು, ರೆಕ್ಕೆ ಉದ್ದವಾಯಿತು. ಬದಲಾದದ್ದು ಮೂರು ಸಂಗತಿ: ಈ ಕರೆಂಟನ್ನು ಯಾರು ಕೊಳ್ಳುತ್ತಾರೆ, ದರವನ್ನು ಯಾರು ಹೇಗೆ ಕಟ್ಟುತ್ತಾರೆ, ಜುಲೈನಲ್ಲಿ ಹುಟ್ಟಿದ ಯೂನಿಟ್ಟನ್ನು ಜನವರಿಯಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ. ಪವನ ವಿದ್ಯುತ್ ಬೆಳೆಯುವುದೂ ಬಾಡುವುದೂ ಈ ಮೂರರ ಮೇಲೆ ನಿಂತಿದೆ ಎಂಬುದಕ್ಕೆ ಕರ್ನಾಟಕಕ್ಕಿಂತ ಸ್ಪಷ್ಟವಾದ ಉದಾಹರಣೆ ನಮ್ಮ ದೇಶದಲ್ಲಿ ಸಿಗುವುದು ಕಷ್ಟ.

ಒಬ್ಬರೇ ಕೊಳ್ಳುವವರಿದ್ದ ಕಾಲ

2017ರವರೆಗೆ ವ್ಯವಸ್ಥೆ ಸರಳವಾಗಿತ್ತು. 2003ರ ವಿದ್ಯುತ್ ಕಾಯ್ದೆಯ 62ನೇ ಸೆಕ್ಷನ್ ಪ್ರಕಾರ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಪವನ ವಿದ್ಯುತ್‌ಗೆ ಒಂದು ದರ ಕಟ್ಟುತ್ತಿತ್ತು. ಒಂದು ಮೆಗಾವ್ಯಾಟ್ ನಿಲ್ಲಿಸಲು ಎಷ್ಟು ಖರ್ಚು, ವರ್ಷಕ್ಕೆ ಎಷ್ಟು ಯೂನಿಟ್ ಬರುತ್ತದೆ, ಸಾಲ ಎಷ್ಟು, ಬಡ್ಡಿ ಎಷ್ಟು, ಹೂಡಿದ ಬಂಡವಾಳಕ್ಕೆ ಎಷ್ಟು ಲಾಭ ಬಿಡಬೇಕು ಎಂದು ಕೂತು ಲೆಕ್ಕ ಹಾಕಿ ಬರುವ ದರ ಅದು. 2015ರ ಫೆಬ್ರುವರಿಯ ಆದೇಶದಲ್ಲಿ ಅದು ಯೂನಿಟ್‌ಗೆ 4.50 ರೂ. ಕೊಳ್ಳುವವರು ಆಯಾ ಭಾಗದ ಎಸ್ಕಾಂ: ಬೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಹೀಗೆ. ಒಪ್ಪಂದಕ್ಕೆ ಸಹಿಯೂ ಅನುಮೋದನೆಯೂ ಬಿದ್ದರೆ ದರ ದೀರ್ಘಕಾಲಕ್ಕೆ ಗಟ್ಟಿ. ಬ್ಯಾಂಕಿನ ಮ್ಯಾನೇಜರ್ ಸಾಲ ಕೊಡುತ್ತಿದ್ದದ್ದು ಗಾಳಿಯನ್ನು ನೋಡಿ ಅಲ್ಲ, ಆ ಒಪ್ಪಂದದ ಹಾಳೆಯನ್ನು ನೋಡಿ.

ಕೆಲಸದ ಸರದಿ ಹೀಗಿತ್ತು. ಗಾಳಿ ಅಳೆಯುವ ಕಂಬ ನಿಲ್ಲಿಸಿ ಅಂಕಿ ಸಂಗ್ರಹಿಸುವುದು. ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್‌ನಿಂದ ಜಾಗದ ಸಾಮರ್ಥ್ಯ ಹಂಚಿಕೆ ಪಡೆಯುವುದು. ಜಮೀನು ಕೊಳ್ಳುವುದು ಅಥವಾ ಲೀಸ್ ಹಿಡಿಯುವುದು. ಎಷ್ಟು ಕೆ.ವಿ. ಸ್ಟೇಷನ್‌ಗೆ ಲೈನು ಎಳೆಯಬೇಕೆಂದು ರಾಜ್ಯದ ಪ್ರಸರಣ ಕಂಪನಿ ಕೆಪಿಟಿಸಿಎಲ್‌ನ ಒಪ್ಪಿಗೆ. ಎಸ್ಕಾಂ ಜತೆ ಖರೀದಿ ಒಪ್ಪಂದ, ಅದಕ್ಕೆ ಕೆಇಆರ್‌ಸಿ ಅನುಮೋದನೆ. ಕೊನೆಗೆ ವಿದ್ಯುತ್ ಪರಿವೀಕ್ಷಣಾಲಯದ ತಪಾಸಣೆ, ಚಾಲನೆ. ಇದರಲ್ಲಿ ಅಪಾಯದ ಜಾಗ ಸಹಿಗೂ ಅನುಮೋದನೆಗೂ ನಡುವಿನ ತಿಂಗಳುಗಳು. ಸಹಿ ಆಗಿದೆ ಎಂದು ಯಂತ್ರಕ್ಕೆ ಮುಂಗಡ ಕಟ್ಟಿದವರಿಗೆ, ಅನುಮೋದನೆ ಬರುವ ಮೊದಲೇ ದರ ಇಳಿದರೆ ಹಿಂದೆ ಹೋಗಲು ದಾರಿಯಿಲ್ಲ, ಮುಂದೆ ಹೋದರೆ ಗಿಟ್ಟುವುದಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಕೆಇಆರ್‌ಸಿ ದರವನ್ನು 4.50ರಿಂದ 3.74 ರೂ.ಗೆ ಇಳಿಸಿದಾಗ ಈ ನಡುವಿನ ತಿಂಗಳುಗಳ ಬೆಲೆ ಎಷ್ಟೆಂದು ಉದ್ಯಮಕ್ಕೆ ತಿಳಿಯಿತು.

ಅದೇ ಹೊತ್ತಿಗೆ ದಿಲ್ಲಿಯಿಂದ ಬರುತ್ತಿದ್ದ ಎರಡು ಆಸರೆಗಳೂ ಸಡಿಲವಾದವು. ಯೂನಿಟ್‌ಗೆ 50 ಪೈಸೆಯ ಉತ್ಪಾದನಾ ಪ್ರೋತ್ಸಾಹ ಧನ 2017ರ ಮಾರ್ಚ್ 31ಕ್ಕೆ ನಿಂತಿತು. ತೆರಿಗೆ ಲೆಕ್ಕದಲ್ಲಿ ಮೊದಲ ವರ್ಷವೇ 80% ಸವಕಳಿ ತೋರಿಸುವ ಸೌಲಭ್ಯ 2017ರ ಏಪ್ರಿಲ್‌ನಿಂದ 40%ಗೆ ಇಳಿಯಿತು. ಗಡುವಿನೊಳಗೆ ಮುಗಿಸುವ ಧಾವಂತದಲ್ಲಿ 2016-17ರಲ್ಲಿ ದೇಶದಲ್ಲಿ ಸುಮಾರು 5,500 ಮೆ.ವ್ಯಾ. ಹೊಸದಾಗಿ ಸೇರಿತು. ಮರುವರ್ಷ ಅದು 1,800ರ ಆಸುಪಾಸಿಗೆ ಬಿತ್ತು. ಕರ್ನಾಟಕದಲ್ಲಿ ಕುಸಿತ ಒಂದು ವರ್ಷ ತಡವಾಗಿ ಕಂಡದ್ದಕ್ಕೆ ಕಾರಣ ಹಳೆಯ ದರದ ಒಪ್ಪಂದಗಳು. ಅವು ಕೈಯಲ್ಲಿದ್ದವರು 2018ರ ಮಾರ್ಚ್‌ನೊಳಗೆ ಮುಗಿಸಲು ಹಗಲು ರಾತ್ರಿ ಕ್ರೇನ್ ಓಡಿಸಿದರು.

ಹರಾಜು ಬಂತು, ಗಾಳಿ ಕಛ್‌ಗೆ ಹೋಯಿತು

2017ರ ಫೆಬ್ರುವರಿಯಲ್ಲಿ ಕೇಂದ್ರದ ಸೌರಶಕ್ತಿ ನಿಗಮ ಸೆಕಿ ದೇಶದ ಮೊದಲ ಪವನ ವಿದ್ಯುತ್ ಹರಾಜು ನಡೆಸಿತು. ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಇದು ದರ ಇಳಿಸುತ್ತ ಹೋಗುವ ಹರಾಜು; ಯಾರು ಕಡಿಮೆಗೆ ಕೊಡುತ್ತಾರೋ ಅವರಿಗೆ ಒಪ್ಪಂದ. ಮೊದಲ ಸುತ್ತಿನಲ್ಲೇ 3.46 ರೂ. ಅಕ್ಟೋಬರ್‌ನಲ್ಲಿ 2.64. ಡಿಸೆಂಬರ್‌ನಲ್ಲಿ ಗುಜರಾತ್ ರಾಜ್ಯದ ಹರಾಜಿನಲ್ಲಿ 2.43. ಹತ್ತೇ ತಿಂಗಳಲ್ಲಿ ಯೂನಿಟ್ ಮೇಲೆ ಒಂದು ರೂಪಾಯಿಗೂ ಹೆಚ್ಚು ಇಳಿಕೆ. ಪತ್ರಿಕೆಗಳಲ್ಲಿ ಇದು ದೊಡ್ಡ ಗೆಲುವೆಂದು ಬಂತು. ಕರ್ನಾಟಕದ ಗುಡ್ಡಗಳಿಗೆ ಇದರ ಅರ್ಥ ಏನೆಂದು ತಿಳಿಯಲು ಒಂದು ಮೆಗಾವ್ಯಾಟ್‌ನ ಲೆಕ್ಕ ಸಾಕು.

ಆ ಕಾಲದ ಲೆಕ್ಕಕ್ಕೆ ಹತ್ತಿರವಾಗುವಂತೆ, ಒಂದು ಮೆ.ವ್ಯಾ.ಗೆ 6.2 ಕೋಟಿ ರೂ. ಖರ್ಚು ಎಂದಿಟ್ಟುಕೊಳ್ಳೋಣ. ಅದರಲ್ಲಿ 70% ಸಾಲ, ಅಂದರೆ 4.34 ಕೋಟಿ. ಬಡ್ಡಿ 10% ಆದರೆ ಮೊದಲ ವರ್ಷ 43.4 ಲಕ್ಷ. ಅಸಲನ್ನು 15 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 28.9 ಲಕ್ಷ. ನಿರ್ವಹಣೆಗೆ 10 ಲಕ್ಷ. ಒಟ್ಟು ಕಟ್ಟಲೇಬೇಕಾದದ್ದು 82.3 ಲಕ್ಷ. ಇನ್ನು ಆದಾಯ. ಯಂತ್ರ ವರ್ಷವಿಡೀ ಪೂರ್ಣ ಸಾಮರ್ಥ್ಯದಲ್ಲಿ ತಿರುಗುವುದಿಲ್ಲ. ಮಧ್ಯಮ ಗಾಳಿಯ ಜಾಗದಲ್ಲಿ 30% ಬಂದರೆ ವರ್ಷಕ್ಕೆ 26.28 ಲಕ್ಷ ಯೂನಿಟ್. 4.50ರ ದರದಲ್ಲಿ 1.18 ಕೋಟಿ ಬರುತ್ತದೆ. ಸಾಲ ತೀರಿಸಿ 36 ಲಕ್ಷ ಕೈಯಲ್ಲಿ ಉಳಿಯುತ್ತದೆ. 3.74ರಲ್ಲಿ 98.3 ಲಕ್ಷ, ಉಳಿಯುವುದು 16 ಲಕ್ಷ, ಅದೂ ತೆರಿಗೆಗೆ ಮುಂಚೆ. 2.64ರಲ್ಲಿ 69.4 ಲಕ್ಷ, ಸಾಲದ ಕಂತಿಗೇ ಸಾಲದು.

ಅದೇ 2.64ನ್ನು 40% ಗಾಳಿಯಿರುವ ಜಾಗಕ್ಕೆ ಒಯ್ಯಿರಿ. 35.04 ಲಕ್ಷ ಯೂನಿಟ್, 92.5 ಲಕ್ಷ ರೂ. ಆದಾಯ. ಲೆಕ್ಕ ಕುದುರಿತು. ಅಂಥ ಗಾಳಿ ಇರುವುದು ಗುಜರಾತಿನ ಕಛ್‌ನಲ್ಲಿ, ತಮಿಳುನಾಡಿನ ತಿರುನೆಲ್ವೇಲಿಯ ಕಡೆ. ಸೆಕಿಯ ಒಪ್ಪಂದದಲ್ಲಿ ಯಂತ್ರ ಯಾವ ರಾಜ್ಯದಲ್ಲಿ ನಿಲ್ಲಬೇಕೆಂಬ ಕಟ್ಟು ಇರಲಿಲ್ಲ, ಅಂತರರಾಜ್ಯ ಪ್ರಸರಣ ಶುಲ್ಕವೂ ಮನ್ನಾ. ಹಾಗಾಗಿ ಹರಾಜು ಹಿಡಿದವರೆಲ್ಲ ಒಂದೆರಡು ಮೂಲೆಗೆ ನುಗ್ಗಿದರು. ಅಲ್ಲಿ ಜಮೀನು ಸಿಗದೆ, ಲೈನು ಸಿಗದೆ ಯೋಜನೆಗಳು ತಡವಾದವು. ಕರ್ನಾಟಕದ ಮಧ್ಯಮ ಗಾಳಿಯ ಬಯಲು ಖಾಲಿ ಬಿತ್ತು. ಅಗ್ಗದ ದರ ಕೆಟ್ಟದ್ದೆಂದು ಇಲ್ಲಿ ವಾದವಿಲ್ಲ. ಬಳಕೆದಾರನಿಗೆ ಅದು ಒಳ್ಳೆಯದೇ. ಆದರೆ ಎಲ್ಲ ಗಾಳಿಯನ್ನೂ ಒಂದೇ ತಕ್ಕಡಿಯಲ್ಲಿ, ಬರೀ ಯೂನಿಟ್ ದರದ ಮೇಲೆ ತೂಗಿದ್ದು ತಪ್ಪು. ಊರು ಹತ್ತಿರದ ಗಾಳಿ, ಸಂಜೆಯ ಹೊತ್ತಿನ ಗಾಳಿ, ಲೈನು ಈಗಾಗಲೇ ಇರುವ ಕಡೆಯ ಗಾಳಿ ಇವುಗಳಿಗೆ ಆ ತಕ್ಕಡಿಯಲ್ಲಿ ಬೆಲೆ ಇರಲಿಲ್ಲ.

ರಾಜ್ಯದ ಎಸ್ಕಾಂಗಳು ಯಾಕೆ ಕೊಳ್ಳಲಿಲ್ಲ? ಅವರಿಗೂ ಕಾರಣವಿತ್ತು. 2018ರ ಮಾರ್ಚ್ ಹೊತ್ತಿಗೆ ಕರ್ನಾಟಕದ ಸೌರ ಸಾಮರ್ಥ್ಯ ಸುಮಾರು 5,000 ಮೆ.ವ್ಯಾ.ಗೆ ಬಂದಿತ್ತು. ಪಾವಗಡದ 2,050 ಮೆ.ವ್ಯಾ. ಸೌರ ಪಾರ್ಕ್ ಹಂತಹಂತವಾಗಿ ಏಳುತ್ತಿತ್ತು. ಹಸಿರು ವಿದ್ಯುತ್ ಇಷ್ಟು ಕೊಳ್ಳಲೇಬೇಕೆಂಬ ಬಾಧ್ಯತೆ ತುಂಬಿಯಾಗಿತ್ತು. ಬೇರೆಡೆ 2.64ಕ್ಕೆ ಸಿಗುತ್ತಿರುವಾಗ 3.74ಕ್ಕೆ ಏಕೆ ಕೊಂಡಿರಿ ಎಂದು ನಾಳೆ ಲೆಕ್ಕ ಕೇಳುವವರು ಇದ್ದೇ ಇರುತ್ತಾರೆ. ಒಬ್ಬರೇ ಕೊಳ್ಳುವವರಿರುವ ಮಾರುಕಟ್ಟೆಯ ದೌರ್ಬಲ್ಯ ಇದೇ: ಆ ಒಬ್ಬರಿಗೆ ಸಾಕು ಅನಿಸಿದ ದಿನ ಅಂಗಡಿ ಮುಚ್ಚಿದಂತೆ.

ಬ್ಯಾಂಕಿಂಗ್: ಆಷಾಢದ ಗಾಳಿ, ಮಾಘದ ಬಿಲ್ಲು

ಎಸ್ಕಾಂ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಓಪನ್ ಆಕ್ಸೆಸ್. ಗದಗದಲ್ಲಿ ಹುಟ್ಟಿದ ಕರೆಂಟನ್ನು ಪೀಣ್ಯದ ಕಾರ್ಖಾನೆಗೆ ನೇರ ಮಾರುವುದು, ಕೆಪಿಟಿಸಿಎಲ್ ಮತ್ತು ಎಸ್ಕಾಂಗಳ ತಂತಿಗೆ ಬಾಡಿಗೆ ಕೊಡುವುದು. ಎಚ್‌ಟಿ, ಅಂದರೆ ಹೈಟೆನ್ಷನ್ ಕೈಗಾರಿಕೆಗೆ ಎಸ್ಕಾಂ ಹಾಕುವ ಯೂನಿಟ್ ದರ 7 ರೂ. ಆಸುಪಾಸಿನಲ್ಲಿದ್ದಾಗ, ಎಲ್ಲ ಶುಲ್ಕ ಸೇರಿಸಿಯೂ ಗಾಳಿ ಕರೆಂಟು ಅಗ್ಗ ಬೀಳುತ್ತಿತ್ತು. ಹೀಗೆ ಕಾಗದದ ಮೇಲೆ ಎಲ್ಲವೂ ಸರಿ. ತೊಡಕು ಇರುವುದು ಋತುವಿನಲ್ಲಿ.

ನಮ್ಮಲ್ಲಿ ಗಾಳಿ ಯಂತ್ರಗಳು ವರ್ಷದ ಬಹುಪಾಲು ಗಳಿಸುವುದು ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ಕಾರ್ಖಾನೆ ಮಾತ್ರ ಹನ್ನೆರಡು ತಿಂಗಳೂ ಒಂದೇ ಸಮ ಓಡುತ್ತದೆ. ಆಷಾಢದಲ್ಲಿ ಉಕ್ಕಿದ್ದನ್ನು ಎಸ್ಕಾಂ ಬಳಿ ಇಟ್ಟು ಮಾಘದಲ್ಲಿ ವಾಪಸ್ ಪಡೆಯುವುದಕ್ಕೆ ಬ್ಯಾಂಕಿಂಗ್ ಎಂದು ಹೆಸರು. ಕರ್ನಾಟಕದಲ್ಲಿ ಬಹುಕಾಲ ಇದು ವರ್ಷಾವಧಿಯದು, ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಶುಲ್ಕ ಇಟ್ಟ ಯೂನಿಟ್‌ಗಳ 2%, ಅದೂ ದುಡ್ಡಾಗಿ ಅಲ್ಲ, ಯೂನಿಟ್ ರೂಪದಲ್ಲೇ.

ಇದರ ತೂಕ ಎಷ್ಟು? ತಿಂಗಳಿಗೆ 10 ಲಕ್ಷ ಯೂನಿಟ್ ಬಳಸುವ ಒಂದು ಕಾರ್ಖಾನೆಯನ್ನೂ, ವರ್ಷಕ್ಕೆ 120 ಲಕ್ಷ ಯೂನಿಟ್ ಕೊಡುವ ಗಾಳಿಯಂತ್ರಗಳನ್ನೂ ಊಹಿಸಿಕೊಳ್ಳಿ. ವರ್ಷದ ಲೆಕ್ಕ ಸರಿಸಮ. ತಿಂಗಳವಾರು ನೋಡಿದರೆ: ಏಪ್ರಿಲ್ 7 ಲಕ್ಷ, ಮೇ 12, ಜೂನ್ 19, ಜುಲೈ 22, ಆಗಸ್ಟ್ 19, ಸೆಪ್ಟೆಂಬರ್ 12, ಅಕ್ಟೋಬರ್ 5, ನವೆಂಬರ್ 4, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ತಲಾ 5. ಮೇನಿಂದ ಸೆಪ್ಟೆಂಬರ್‌ವರೆಗೆ ಕಾರ್ಖಾನೆ ಬಳಸಿ ಉಳಿದದ್ದು 34 ಲಕ್ಷ. ವರ್ಷಾವಧಿ ಬ್ಯಾಂಕಿಂಗ್ ಇದ್ದರೆ 2% ಕಳೆದು 33.32 ಲಕ್ಷ ಖಾತೆಯಲ್ಲಿರುತ್ತದೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಕೊರತೆ 31 ಲಕ್ಷ, ಪೂರ್ತಿ ತುಂಬುತ್ತದೆ. ಮಿಕ್ಕ 2.32 ಲಕ್ಷವನ್ನು ವರ್ಷದ ಕೊನೆಗೆ ಎಸ್ಕಾಂ ಕಡಿಮೆ ದರಕ್ಕೆ ಕೊಂಡುಕೊಳ್ಳುತ್ತದೆ. ಬ್ಯಾಂಕಿಂಗ್ ತಿಂಗಳಿಗೇ ಮುಗಿದರೆ ಕಾರ್ಖಾನೆಗೆ ದಕ್ಕುವುದು 86 ಲಕ್ಷ ಮಾತ್ರ. ಅಂದರೆ ಹುಟ್ಟಿದ ಪ್ರತಿ ನೂರು ಯೂನಿಟ್‌ನಲ್ಲಿ 28 ಯೂನಿಟ್‌ಗೆ ಬೆಲೆ ಇಲ್ಲ ಅಥವಾ ಪುಡಿಗಾಸು. ಯಾವ ಹರಾಜಿನ ಇಳಿಕೆಯೂ ಯೋಜನೆಯೊಂದಕ್ಕೆ ಇಷ್ಟು ಸದ್ದಿಲ್ಲದೆ ಇಷ್ಟು ಪೆಟ್ಟು ಕೊಡಲಾರದು.

ಒಂದು ಸೂಕ್ಷ್ಮ ಗಮನಿಸಿ. ಏಪ್ರಿಲ್‌ನಲ್ಲಿ 3 ಲಕ್ಷ ಕೊರತೆ ಇದೆ, ಅದನ್ನು ಮುಂದೆ ಬರುವ ಜುಲೈನ ಯೂನಿಟ್‌ನಿಂದ ತುಂಬುವಂತಿಲ್ಲ. ಖಾತೆಯಲ್ಲಿ ಮೊದಲು ಇರಬೇಕು, ಆಮೇಲೆ ತೆಗೆಯಬೇಕು. ವರ್ಷದ ಲೆಕ್ಕ ಸಮ ಬಂದರೆ ಸಾಕೆಂದು ಯಂತ್ರದ ಗಾತ್ರ ನಿರ್ಧರಿಸಿದವರು ಇಲ್ಲಿ ಎಡವುತ್ತಾರೆ. ಬಳಕೆಯ 100%ಗೆ ಯಂತ್ರ ಕಟ್ಟುವ ಬದಲು ತಿಂಗಳವಾರು ಕೋಷ್ಟಕ ಹಾಕಿ, ನಿಯಮ ಬಿಗಿಯಾದರೂ ಬದುಕುವಷ್ಟಕ್ಕೆ ಕಟ್ಟುವುದು ಕ್ಷೇಮ.

ಈ ಭಯ ಬರೀ ಊಹೆಯಲ್ಲ. 2018ರ ಜನವರಿಯಲ್ಲಿ ಕೆಇಆರ್‌ಸಿ ಬ್ಯಾಂಕಿಂಗ್ ಅವಧಿಯನ್ನು ವರ್ಷದಿಂದ ಆರು ತಿಂಗಳಿಗೆ ಇಳಿಸಿ ಆದೇಶ ಹೊರಡಿಸಿತು. ಉತ್ಪಾದಕರು ದಿಲ್ಲಿಯ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋದರು. 2020ರ ಜುಲೈನಲ್ಲಿ ಆ ಆದೇಶ ರದ್ದಾಯಿತು. ಮಧ್ಯದ ಎರಡೂವರೆ ವರ್ಷ ಹೊಸದಾಗಿ ಹಣ ಹೂಡುವವರು ಏನೆಂದು ಲೆಕ್ಕ ಹಾಕಬೇಕಿತ್ತು? ಕುಸಿತದ ವರ್ಷಗಳೂ ಈ ವ್ಯಾಜ್ಯದ ವರ್ಷಗಳೂ ಒಂದರ ಮೇಲೊಂದು ಬಿದ್ದಿರುವುದು ಕಣ್ಣಿಗೆ ಕಾಣುತ್ತದೆ. ಮುಂದೆ 2022ರ ಜೂನ್‌ನಲ್ಲಿ ಕೇಂದ್ರ ಹಸಿರು ಓಪನ್ ಆಕ್ಸೆಸ್ ನಿಯಮ ತಂದು, ಗ್ರಾಹಕನಿಗೆ ಇರಬೇಕಾದ ಕನಿಷ್ಠ ಬೇಡಿಕೆಯ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿತು. ಸಣ್ಣ ಘಟಕಗಳಿಗೂ ಬಾಗಿಲು ತೆರೆಯಿತು, ಆದರೆ ಕಡ್ಡಾಯವಾಗಿ ಸಿಗುವ ಬ್ಯಾಂಕಿಂಗ್ ತಿಂಗಳ ಲೆಕ್ಕಕ್ಕೆ ಬಂತು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಆ ಕೇಂದ್ರ ನಿಯಮವನ್ನೂ ಅದರ ಮೇಲೆ ನಿಂತ ಕೆಇಆರ್‌ಸಿ ನಿಯಮಾವಳಿಯನ್ನೂ ರದ್ದುಪಡಿಸಿತು. ಇಪ್ಪತ್ತೈದು ವರ್ಷ ತಿರುಗಬೇಕಾದ ಯಂತ್ರಕ್ಕೆ ಏಳು ವರ್ಷದಲ್ಲಿ ನಾಲ್ಕು ಬಗೆಯ ನಿಯಮ.

ಎಸ್ಕಾಂ ಕಡೆಯ ಮಾತನ್ನೂ ಕೇಳಬೇಕು, ಅದು ಸುಳ್ಳಲ್ಲ. ಜುಲೈನಲ್ಲಿ ಮಳೆ ಬಂದು ಪಂಪ್‌ಸೆಟ್‌ಗಳು ನಿಂತಿರುತ್ತವೆ, ಜಲಾಶಯ ತುಂಬುತ್ತಿರುತ್ತದೆ, ಕರೆಂಟಿಗೆ ಬೆಲೆ ಕಡಿಮೆ. ಆಗ ಯೂನಿಟ್ ತೆಗೆದುಕೊಂಡು ಫೆಬ್ರುವರಿ, ಮಾರ್ಚ್‌ನಲ್ಲಿ ವಾಪಸ್ ಕೊಡಬೇಕು. ಆಗ ಹಿಂಗಾರಿ ಮತ್ತು ಬೇಸಿಗೆ ಬೆಳೆಗೆ ಪಂಪ್ ಓಡುತ್ತಿರುತ್ತದೆ. 2024ರ ಮಾರ್ಚ್‌ನಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆ.ವ್ಯಾ. ದಾಟಿತು. ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಆ ತಿಂಗಳುಗಳ ಸಂಜೆಯ ದರ ಮುಟ್ಟಿದರೆ ಸುಡುತ್ತದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಕೊಟ್ಟು, ಅದರ ಭಾರದ ಒಂದು ಪಾಲನ್ನು ಕೈಗಾರಿಕೆಯ ಬಿಲ್ಲಿನಲ್ಲಿ ಹೊರಿಸುವ ವ್ಯವಸ್ಥೆಯಲ್ಲಿ, ದೊಡ್ಡ ಬಿಲ್ಲಿನ ಗ್ರಾಹಕ ಹೊರಗೆ ಹೋದರೆ ಉಳಿದವರ ಮೇಲೆ ಹೊರೆ ಬೀಳುತ್ತದೆ. ಇದಕ್ಕೆ ಪರಿಹಾರ ಬ್ಯಾಂಕಿಂಗನ್ನು ಕತ್ತರಿಸುವುದಲ್ಲ. ಇಟ್ಟ ಯೂನಿಟ್‌ಗೂ ತೆಗೆದ ಯೂನಿಟ್‌ಗೂ ಋತುವಿನ ಬೆಲೆ ಕಟ್ಟಿ ವ್ಯತ್ಯಾಸ ವಸೂಲು ಮಾಡುವುದು. 2% ಶುಲ್ಕ ತೀರಾ ಕಡಿಮೆ ಎನ್ನುವುದಾದರೆ ಅದನ್ನೇ ಹೆಚ್ಚಿಸಲಿ. ಹೂಡಿಕೆದಾರ ಹೆಚ್ಚಿನ ಶುಲ್ಕ ತಡೆದುಕೊಳ್ಳುತ್ತಾನೆ, ನಾಳೆ ಏನಾಗುತ್ತದೋ ಎಂಬುದನ್ನು ತಡೆದುಕೊಳ್ಳಲಾರ.

26, 51 ಮತ್ತು ಒಬ್ಬರ ಬೀಗಮುದ್ರೆ

ಓಪನ್ ಆಕ್ಸೆಸ್‌ನಲ್ಲಿ ಕೊಂಡರೆ, ಎಸ್ಕಾಂ ಬಿಲ್ಲಿನಲ್ಲಿ ಹೊರುತ್ತಿದ್ದ ಆ ಸಬ್ಸಿಡಿ ಪಾಲಿನ ಬದಲಿಗೆ ಕ್ರಾಸ್ ಸಬ್ಸಿಡಿ ಸರ್‌ಚಾರ್ಜ್ ಬೀಳುತ್ತದೆ. ಸ್ವಂತ ಬಳಕೆಗೆ ಸ್ವಂತ ಘಟಕ, ಅಂದರೆ ಕ್ಯಾಪ್ಟಿವ್ ಆದರೆ ಬೀಳುವುದಿಲ್ಲ. ಹೆಚ್ಚುವರಿ ಸರ್‌ಚಾರ್ಜ್ ಕೂಡ ಇಲ್ಲವೆಂದು 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಲವು ಕಾರ್ಖಾನೆಗಳು ಸೇರಿ ಪಾಲು ಹಾಕಿದರೆ ಅದು ಗ್ರೂಪ್ ಕ್ಯಾಪ್ಟಿವ್. ಕರ್ನಾಟಕದ ಪವನ ವಿದ್ಯುತ್ತಿನ ಖಾಸಗಿ ಮಾರಾಟದಲ್ಲಿ ಹೆಚ್ಚು ಬಳಕೆಯಲ್ಲಿರುವ ದಾರಿಗಳಲ್ಲಿ ಇದು ಒಂದು. ಷರತ್ತು 2005ರ ವಿದ್ಯುತ್ ನಿಯಮದ 3ನೆಯದು: ಬಳಕೆದಾರರ ಕೈಯಲ್ಲಿ ಕನಿಷ್ಠ 26% ಮಾಲೀಕತ್ವ ಇರಬೇಕು, ವರ್ಷದ ಉತ್ಪಾದನೆಯ ಕನಿಷ್ಠ 51% ಅವರೇ ಬಳಸಬೇಕು, ಮತ್ತು ಪ್ರತಿಯೊಬ್ಬರ ಬಳಕೆ ಅವರ ಪಾಲಿನ ಪ್ರಮಾಣಕ್ಕೆ 10% ಆಚೀಚೆಯೊಳಗೆ ಇರಬೇಕು. ಈ ಪ್ರಮಾಣದ ಷರತ್ತು ಪ್ರತ್ಯೇಕ ಕಂಪನಿ ಮಾಡಿಕೊಂಡವರಿಗೂ ಅನ್ವಯ ಎಂದು 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು.

ಮೂರು ಕಾರ್ಖಾನೆಗಳಿವೆ ಎನ್ನಿ. 26%ರಲ್ಲಿ ಮೊದಲನೆಯದರ ಪಾಲು ಅರ್ಧ. ಘಟಕ ವರ್ಷಕ್ಕೆ 300 ಲಕ್ಷ ಯೂನಿಟ್ ಹುಟ್ಟಿಸುತ್ತದೆ. 51% ಎಂದರೆ 153 ಲಕ್ಷ. ಮೊದಲನೆಯದರ ಪಾಲಿಗೆ 76.5 ಲಕ್ಷ, 10% ರಿಯಾಯಿತಿ ಕಳೆದು ಕನಿಷ್ಠ 68.85 ಲಕ್ಷ. ಆ ಕಾರ್ಖಾನೆ ಆರ್ಡರ್ ಇಲ್ಲದೆ ನಾಲ್ಕು ತಿಂಗಳು ಬೀಗ ಹಾಕಿ 60 ಲಕ್ಷವನ್ನೇ ಬಳಸಿತು. ಉಳಿದಿಬ್ಬರು ತಮ್ಮ ಪಾಲು ಸರಿಯಾಗಿ ಬಳಸಿದ್ದರೂ ಇಡೀ ಘಟಕದ ಕ್ಯಾಪ್ಟಿವ್ ಸ್ಥಾನ ಆ ವರ್ಷಕ್ಕೆ ಹೋಗಬಹುದು. ಸರ್‌ಚಾರ್ಜ್ ಯೂನಿಟ್‌ಗೆ 1.50 ರೂ. ಎಂದಿಟ್ಟುಕೊಂಡರೂ 200 ಲಕ್ಷ ಯೂನಿಟ್ ಬಳಕೆಗೆ 3 ಕೋಟಿ ರೂ. ಬಿಲ್ಲು ಬರುತ್ತದೆ, ವರ್ಷ ಮುಗಿದು ಪರಿಶೀಲನೆ ಆದ ಮೇಲೆ, ಒಟ್ಟಿಗೆ. ಇದನ್ನು ತಪ್ಪಿಸಲು ಡಿಸೆಂಬರ್ ಹೊತ್ತಿಗೇ ಎಲ್ಲರ ಬಳಕೆ ಕೂಡಿಸಿ ನೋಡಿ, ಹಿಂದೆ ಬಿದ್ದವರಿಗೆ ಕೊನೆಯ ಮೂರು ತಿಂಗಳು ಹೆಚ್ಚು ಯೂನಿಟ್ ಹಂಚಬೇಕು. ಪಾಲುದಾರರ ಒಪ್ಪಂದದಲ್ಲಿ, ಯಾರ ಕೊರತೆಯಿಂದ ಸರ್‌ಚಾರ್ಜ್ ಬಂತೋ ಅವರೇ ಕಟ್ಟಬೇಕೆಂಬ ಕಲಮು ಇಲ್ಲದಿದ್ದರೆ ಸಹಿ ಹಾಕಬಾರದು.

ಯೂನಿಟ್ ಹಂಚಿಕೆಯ ಮೂಲ ದಾಖಲೆ ತಿಂಗಳ ಮೊದಲ ದಿನದ ಜಂಟಿ ಮೀಟರ್ ರೀಡಿಂಗ್. ಸಬ್‌ಸ್ಟೇಷನ್‌ನಲ್ಲಿ ಇಲಾಖೆಯ ಎಂಜಿನಿಯರೂ ಕಂಪನಿಯವರೂ ಒಟ್ಟಿಗೆ ನಿಂತು ಮೇನ್ ಮೀಟರ್, ಚೆಕ್ ಮೀಟರ್ ಎರಡನ್ನೂ ಓದಿ ಬರೆದು ಸಹಿ ಹಾಕುತ್ತಾರೆ. ಒಂದೇ ಮೀಟರ್‌ಗೆ ಹತ್ತು ಮಾಲೀಕರ ಯಂತ್ರಗಳಿದ್ದರೆ 33 ಕೆ.ವಿ. ಲೈನಿನ ನಷ್ಟವನ್ನು ಪ್ರತಿಯೊಬ್ಬರಿಗೂ ಪಾಲು ಹಾಕಿ ವಿಂಗಡಣೆ ಹಾಳೆ ತಯಾರಾಗಬೇಕು. ಅದರ ಮೇಲೆ ಎಸ್ಕಾಂನಿಂದ ಬಿ-ಫಾರ್ಮ್, ಅಂದರೆ ಯಾರ ಯೂನಿಟ್ ಎಷ್ಟೆಂದು ದೃಢೀಕರಿಸುವ ಪತ್ರ. ಅದು ತಡವಾದರೆ ಆ ತಿಂಗಳ ಯೂನಿಟ್ ಕಾರ್ಖಾನೆಯ ಬಿಲ್ಲಿನಲ್ಲಿ ಇಳಿಯುವುದಿಲ್ಲ. ಕಾರ್ಖಾನೆ ಪೂರ್ತಿ ಬಿಲ್ಲು ಕಟ್ಟಿ ಮುಂದಿನ ತಿಂಗಳ ಹೊಂದಾಣಿಕೆಗೆ ಅಲೆಯಬೇಕು. ಗಾಳಿ ಹೇರಳವಾಗಿದ್ದ ತಿಂಗಳಲ್ಲೇ ಹಣದ ಕೈ ಬಿಗಿಯಾಗುವುದು ಹೀಗೆ.

ಹದಿನೈದು ನಿಮಿಷದ ಲೆಕ್ಕ

ಪವನ ವಿದ್ಯುತ್‌ಗೆ ಮುನ್ಸೂಚನೆ ಮತ್ತು ಶೆಡ್ಯೂಲ್ ಕಡ್ಡಾಯ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು. 2017ರ ಜೂನ್‌ನಿಂದ ಜಾರಿ. ದಿನವನ್ನು 15 ನಿಮಿಷದ 96 ತುಂಡು ಮಾಡಿ, ಪ್ರತಿ ತುಂಡಿಗೂ ಎಷ್ಟು ಮೆ.ವ್ಯಾ. ಬರುತ್ತದೆ ಎಂದು ಹಿಂದಿನ ದಿನವೇ ರಾಜ್ಯದ ಗ್ರಿಡ್ ನಿಭಾಯಿಸುವ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ ತಿಳಿಸಬೇಕು. ದಿನಕ್ಕೆ 16 ಬಾರಿ ತಿದ್ದಬಹುದು, ಒಂದೂವರೆ ಗಂಟೆಗೊಮ್ಮೆ. ತಪ್ಪನ್ನು ಅಳೆಯುವುದು ಶೆಡ್ಯೂಲ್‌ನ ಮೇಲಲ್ಲ, ಲಭ್ಯ ಸಾಮರ್ಥ್ಯದ ಮೇಲೆ. 15%ವರೆಗೆ ಮಾಫಿ. 15ರಿಂದ 25%ವರೆಗಿನ ಭಾಗಕ್ಕೆ ಯೂನಿಟ್‌ಗೆ 50 ಪೈಸೆ, 25ರಿಂದ 35%ವರೆಗೆ 1 ರೂ., ಅದರಾಚೆ 1.50 ರೂ. ಹೀಗಿತ್ತು ಆ ನಿಯಮ.

ಹಲವು ಯಂತ್ರಗಳ ಕರೆಂಟು ಒಂದೆಡೆ ಕೂಡುವ ಪೂಲಿಂಗ್ ಸ್ಟೇಷನ್‌ನಲ್ಲಿ 50 ಮೆ.ವ್ಯಾ. ಲಭ್ಯವಿದೆ ಎನ್ನಿ. ಜುಲೈನ ಒಂದು ಮಧ್ಯಾಹ್ನ 30 ಮೆ.ವ್ಯಾ. ಎಂದು ಶೆಡ್ಯೂಲ್ ಕೊಟ್ಟಿದ್ದಾರೆ. ಮಳೆ ಮೋಡ ಹಾದು ಗಾಳಿ ಸೋತು ಬಂದದ್ದು 18. ತಪ್ಪು 12 ಮೆ.ವ್ಯಾ., ಅಂದರೆ 24%. ಮೊದಲ 7.5 ಮೆ.ವ್ಯಾ. ಮಾಫಿ, ಮಿಕ್ಕ 4.5ಕ್ಕೆ ದಂಡ. ಕಾಲು ಗಂಟೆಗೆ 1,125 ಯೂನಿಟ್, 562.50 ರೂ. ಒಂದು ತುಂಡಿಗೆ ಇದು ಹೆಚ್ಚೇನಲ್ಲ. ಇಂಥ ತುಂಡುಗಳು ದಿನಕ್ಕೆ ಇಪ್ಪತ್ತಾದರೆ 11,250 ರೂ. ಸೋರುತ್ತದೆ, ಮುಂಗಾರಿನ ನಾಲ್ಕು ತಿಂಗಳು ಹೀಗೇ ಹೋದರೆ ಲೆಕ್ಕ ಹದಿಮೂರು ಲಕ್ಷ ದಾಟುತ್ತದೆ.

ಮುನ್ಸೂಚನೆಯ ದೋಷಕ್ಕೆ ಮಾತ್ರವಲ್ಲ, ಲಭ್ಯ ಸಾಮರ್ಥ್ಯವನ್ನು ತಪ್ಪಾಗಿ ಕೊಟ್ಟಾಗಲೂ ದಂಡ ಬೀಳುತ್ತದೆ. ನಾಲ್ಕು ಯಂತ್ರ ರಿಪೇರಿಗೆ ನಿಂತಿವೆ, ಸೈಟಿನವರು ಆ ಮಾತನ್ನು ಶೆಡ್ಯೂಲ್ ಮಾಡುವವರಿಗೆ ಮುಟ್ಟಿಸಿಲ್ಲ. ಅಲ್ಲಿಗೆ 8 ಮೆ.ವ್ಯಾ. ತಪ್ಪು ಗಾಳಿ ಬೀಸುವ ಮೊದಲೇ ಒಳಗೆ ಸೇರಿತು. ಬೆಳಿಗ್ಗೆ ಒಂದು ಫೋನ್ ಮಾಡಿದ್ದರೆ ತಪ್ಪುತ್ತಿದ್ದ ನಷ್ಟವದು. ಹಲವು ಸ್ಟೇಷನ್‌ಗಳನ್ನು ಸೇರಿಸಿ ಒಂದೇ ಶೆಡ್ಯೂಲ್ ಕೊಟ್ಟರೆ ಒಂದರ ಹೆಚ್ಚು ಇನ್ನೊಂದರ ಕಡಿಮೆಗೆ ವಜಾ ಆಗುತ್ತದೆ. ಸಣ್ಣ ಮಾಲೀಕರಿಗೆ ಇದೇ ರಕ್ಷೆ. ಈ ನಿಯಮವನ್ನು ಉದ್ಯಮ ಶಪಿಸಿದ್ದುಂಟು, ಆದರೆ ಗ್ರಿಡ್‌ಗೆ ಏಳು ಸಾವಿರ ಮೆ.ವ್ಯಾ. ಗಾಳಿ ಸೇರಿಸಿಕೊಳ್ಳುವ ಧೈರ್ಯ ಬಂದದ್ದು ಈ ಶಿಸ್ತಿನಿಂದಲೇ.

ಮತ್ತೆ ಫ್ಯಾನು ಎದ್ದದ್ದು

ಹಳ್ಳಿಯವರು ಫ್ಯಾನು ಎನ್ನುವ ಈ ಯಂತ್ರಗಳು 2023ರಿಂದ ಮತ್ತೆ ಸಾಲಾಗಿ ಏಳಲು ಯಂತ್ರದ ಪಾಲೂ ಇದೆ. 3 ಮೆ.ವ್ಯಾ.ಗೂ ಮೇಲ್ಪಟ್ಟ ಯಂತ್ರ, 140 ಮೀಟರ್ ಎತ್ತರದ ಗೋಪುರ ಬಂದ ಮೇಲೆ ಮಧ್ಯಮ ಗಾಳಿಯ ಬಯಲಿನಲ್ಲೂ ಯೂನಿಟ್ ಹೆಚ್ಚು ಸಿಗುತ್ತದೆ. ಅದನ್ನು ಒಪ್ಪಿಕೊಂಡೇ ಹೇಳಬೇಕಾದ ಮಾತು: ದೊಡ್ಡ ಯಂತ್ರ ಇದ್ದಮಾತ್ರಕ್ಕೆ ಕೊಳ್ಳುವವರು ಬರುವುದಿಲ್ಲ. ಬಂದದ್ದು ಬೇಡಿಕೆಯ ಸ್ವರೂಪ ಬದಲಾದಾಗ.

ಹಗಲು ಸೌರ ವಿದ್ಯುತ್ ತುಂಬಿ ತುಳುಕತೊಡಗಿತು. ಸೂರ್ಯ ಮುಳುಗಿದ ಮೇಲಿನ ಯೂನಿಟ್‌ಗೆ ಬೆಲೆ ಬಂತು. ಹಗಲು ರಾತ್ರಿ ಒಂದೇ ಸಮ ಹಸಿರು ವಿದ್ಯುತ್ ಬೇಕೆಂಬ ಟೆಂಡರ್‌ಗಳು, ಸೌರ ಮತ್ತು ಪವನ ಸೇರಿದ ಹೈಬ್ರಿಡ್ ಟೆಂಡರ್‌ಗಳು ಬಂದವು. ಅದನ್ನು ಬರೀ ಸೌರದಿಂದ ತುಂಬಲು ಬ್ಯಾಟರಿ ಎಷ್ಟು ಬೇಕಾಗುತ್ತದೆಂದು ಲೆಕ್ಕ ಹಾಕಿದವರು ಗಾಳಿಯ ಕಡೆ ತಿರುಗಿದರು. ಮುಂಗಾರಿನ ಮೋಡದಲ್ಲಿ ಸೌರ ಸೊರಗುವ ತಿಂಗಳಲ್ಲೇ ನಮ್ಮ ಗಾಳಿ ಉಕ್ಕುತ್ತದೆ, ಸಂಜೆ ರಾತ್ರಿಯೂ ಬೀಸುತ್ತದೆ. 2017ರ ತಕ್ಕಡಿಯಲ್ಲಿ ಬೆಲೆಯಿಲ್ಲದ ಗುಣಕ್ಕೆ ಈಗ ಬೆಲೆ ಸಿಕ್ಕಿತು. ಗದಗ ಮತ್ತು ಕೊಪ್ಪಳದಲ್ಲಿ ರಾಷ್ಟ್ರೀಯ ಗ್ರಿಡ್‌ನ 400/220 ಕೆ.ವಿ. ಪೂಲಿಂಗ್ ಸ್ಟೇಷನ್‌ಗಳು ಬಂದದ್ದರಿಂದ ಇಲ್ಲಿಯ ಕರೆಂಟನ್ನು ಯಾವ ರಾಜ್ಯದ ಗ್ರಾಹಕನಿಗಾದರೂ ಕಳಿಸುವ ದಾರಿ ಆಯಿತು. ಕೊಳ್ಳುವವರು ಒಬ್ಬರಲ್ಲ, ನೂರಾರು ಮಂದಿಯಾದರು.

ಈ ದಾರಿಯಲ್ಲೂ ಬೇಲಿ ಬೀಳಬಹುದೆಂದು 2023ರ ಬರಗಾಲ ತೋರಿಸಿತು. ಆ ವರ್ಷದ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದಲ್ಲಿ ಉತ್ಪಾದನೆಯಾಗುವ ವಿದ್ಯುತ್ ರಾಜ್ಯದ ಗ್ರಿಡ್‌ಗೇ ಬರಬೇಕೆಂದು ಆದೇಶಿಸಿತು. ಬರದಲ್ಲಿ ಸರ್ಕಾರಕ್ಕೆ ಬೇರೆ ದಾರಿ ಕಾಣಲಿಲ್ಲ, ನಿಜ. ಹಾಗಿದ್ದರೂ ಖರೀದಿ ಒಪ್ಪಂದ ಬರೆಯುವವರು ಅಂಥ ಆದೇಶ ಬಂದ ಅವಧಿಯಲ್ಲಿ ಯೂನಿಟ್ ಕೊಡದ ಹೊಣೆ ಯಾರದ್ದು ಎಂದು ಒಂದು ಸಾಲು ಬರೆದಿಡಲೇಬೇಕು.

ಈಗ ಹೊಸದಾಗಿ ಲೆಕ್ಕ ಹಾಕುವವರು ಮೊದಲು ನೋಡಬೇಕಾದದ್ದು ಚಾಲನೆಯ ದಿನಾಂಕವನ್ನು. ಅಂತರರಾಜ್ಯ ಪ್ರಸರಣ ಶುಲ್ಕದ ಪೂರ್ತಿ ಮನ್ನಾ ಸಿಕ್ಕಿದ್ದು 2025ರ ಜೂನ್ 30ರೊಳಗೆ ಚಾಲನೆಯಾದ ಯೋಜನೆಗಳಿಗೆ. ಅದರ ನಂತರದ ವರ್ಷದಲ್ಲಿ ಮನ್ನಾ 75%, ಆಮೇಲೆ 50%, 25%. 2028ರ ಜೂನ್ ದಾಟಿದರೆ ಏನೂ ಇಲ್ಲ. ಲೈನಿನ ನಷ್ಟದ ಪಾಲು ಬೇರೆ. ಕ್ರೇನ್ ಬರುವುದು ಒಂದು ತಿಂಗಳು ತಡವಾಗಿ ಚಾಲನೆ ಜೂನ್‌ನಿಂದ ಜುಲೈಗೆ ಜಾರಿದರೆ, ಶುಲ್ಕದ ಕಾಲು ಭಾಗದಷ್ಟು ಮನ್ನಾ ಯೋಜನೆಯ ಕೈಬಿಟ್ಟು ಹೋಗುತ್ತದೆ. ಜೂನ್‌ನಲ್ಲಿ ನಮ್ಮ ಗುಡ್ಡಗಳ ಮೇಲೆ ಗಾಳಿ ಜೋರು, ರೆಕ್ಕೆ ಎತ್ತಲು ಕ್ರೇನ್‌ಗೆ ಸಿಗುವುದು ಬೆಳಗಿನ ಜಾವದ ಕೆಲವೇ ಗಂಟೆ. ಆದ್ದರಿಂದ ಗಡುವು ಜೂನ್ 30 ಎಂದು ಕಾಗದದಲ್ಲಿದ್ದರೂ ಗೋಪುರ, ನಸೆಲ್ (ಜನರೇಟರ್ ಇರುವ ಪೆಟ್ಟಿಗೆ), ರೆಕ್ಕೆ ಎಲ್ಲ ಏಪ್ರಿಲ್ ಕೊನೆಯೊಳಗೆ ಮೇಲೇರಿ, ಮೇ ತಿಂಗಳನ್ನು ಕೇಬಲ್, ಪರಿವೀಕ್ಷಣೆ, ಮೀಟರ್ ಸೀಲಿಂಗ್‌ಗೆ ಬಿಟ್ಟುಕೊಳ್ಳುವಂತೆ ವೇಳಾಪಟ್ಟಿ ಹಾಕಬೇಕು.